ನಲವತ್ತು ಗಾಜು, ಒಂದೇ ನೆತ್ತರು

ಹದಿನೇಳನೆಯ ಗಾಜಿನ ಮೇಲೆ ಕರುಣಾಳ ಕಣ್ಣು ನಿಂತಿತು.

ಅದುವರೆಗೆ ಆಕೆ ಪ್ರತಿ ಗಾಜಿನಲ್ಲೂ ರಕ್ತದ ದಪ್ಪ ಲೇಪವನ್ನಷ್ಟೇ ನೋಡುತ್ತ ಬಂದಿದ್ದಳು. ಮಲೇರಿಯಾ ಹುಡುಕುವವರು ಮೊದಲು ನೋಡುವುದು ಅದನ್ನೇ. ಒಂದಿಡೀ ಹನಿ ರಕ್ತ ಒತ್ತಾಗಿ ಕೂತಿರುವ ಜಾಗ ಅದು. ರೋಗಾಣು ಇದ್ದರೆ ಅಲ್ಲಿ ಬೇಗ ಸಿಕ್ಕಿಬೀಳುತ್ತದೆ. ಹದಿನೇಳರಲ್ಲಿ ಬಣ್ಣದ ಕಸವೊಂದು ಅಡ್ಡ ಬಂತು. ಗಾಜನ್ನು ಸ್ವಲ್ಪ ಸರಿಸಿ ಪಕ್ಕದ ತೆಳು ಲೇಪಕ್ಕೆ ಹೋದಳು. ಅಲ್ಲಿ ರಕ್ತದ ಕಣಗಳು ಒಂದೊಂದಾಗಿ ಬಿಡಿಸಿ ಹರಡಿದ ಹಾಗಿರುತ್ತವೆ.

ಕಣಗಳು ದುಂಡಗಿರಲಿಲ್ಲ.

ನೂರಕ್ಕೆ ಎಂಬತ್ತು ಕಣ ಗೋಧಿಕಾಳಿನ ಹಾಗೆ ಉದ್ದಕ್ಕಿದ್ದವು. ಹುಟ್ಟಿನಿಂದಲೇ ಬರುವ ಗುಣ ಅದು, ಸಾವಿರಾರು ಜನರಲ್ಲಿ ಒಬ್ಬರಿಗೆ. ಹನ್ನೊಂದು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತ ಕರುಣಾ ಅದನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಹದಿನೆಂಟನ್ನು ಇಟ್ಟು ನೇರ ತೆಳು ಲೇಪಕ್ಕೆ ಹೋದಳು. ಗೋಧಿಕಾಳು.

ಹತ್ತೊಂಬತ್ತು. ಗೋಧಿಕಾಳು.

ಆಮೇಲೆ ಒಂದನೆಯ ಗಾಜಿನಿಂದ ಮತ್ತೆ ಶುರು ಮಾಡಿದಳು. ನಲವತ್ತು ಮುಗಿಯುವಷ್ಟರಲ್ಲಿ ಹನ್ನೊಂದೂವರೆ ಆಗಿತ್ತು. ಪೆಟ್ಟಿಗೆಯ ಜೊತೆ ಬಂದ ಹಾಳೆಯಲ್ಲಿ ನಲವತ್ತು ಹೆಸರುಗಳಿದ್ದವು. ವಾಡಿಯ ಆಚೆಯ ಹಳೆ ಫರ್ಸಿ ಹಾಸುಗಲ್ಲಿನ ಖಣಿಯ ಕೂಲಿ ಕ್ಯಾಂಪಿನವರು: ಚಿಂಚೋಳಿ ತಾಂಡಾದವರು, ಸೇಡಂ ಕಡೆಯವರು, ತೆಲಂಗಾಣದ ಗಡಿಯವರು. ಒಬ್ಬರಿಗೊಬ್ಬರು ರಕ್ತಸಂಬಂಧ ಇಲ್ಲದ ನಲವತ್ತು ಮಂದಿ. ಗಾಜಿನ ಮೇಲಿದ್ದದ್ದು ಮಾತ್ರ ಒಬ್ಬರದೇ ನೆತ್ತರು. ಅದೂ ಮಲೇರಿಯಾದ ಸುಳಿವೇ ಇಲ್ಲದ ನೆತ್ತರು.

ಪೆಟ್ಟಿಗೆಯ ಕೊನೆಯ ಸಂದಿನಲ್ಲಿ ಇನ್ನೂ ಒಂದು ಗಾಜಿತ್ತು. ಅದಕ್ಕೆ ಚೀಟಿ ಇಲ್ಲ, ಅಂಕಿ ಇಲ್ಲ. ಹಾಳೆಯಲ್ಲಿ ಅದರ ಸಾಲೂ ಇಲ್ಲ. ಉಳಿದವುಗಳ ಜೊತೆ ಅದಕ್ಕೂ ಬಣ್ಣ ಹಾಕಿಬಿಟ್ಟಿದ್ದಳು.

ಇಟ್ಟು ನೋಡಿದಳು. ಈ ಕಣಗಳು ದುಂಡಗಿದ್ದವು, ಬೇರೆಯ ಮನುಷ್ಯರದು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಸಣ್ಣ ಕುಡುಗೋಲಿನಂತೆ ಬಾಗಿದ ಆಕಾರಗಳು ಮಲಗಿದ್ದವು. ಕರುಣಾ ಐದು ಎಣಿಸಿ ನಿಲ್ಲಿಸಿದಳು. ಗಾಜಿನ ಅಂಚಿನಲ್ಲಿ ಅಂಟಿಕೊಂಡಿದ್ದ ಬಿಳಿ ಪುಡಿಯನ್ನು ಸೂಜಿಯಿಂದ ಕೆರೆದು ಬೇರೆ ಗಾಜಿಗೆ ಹಾಕಿ ನೋಡಿದಳು. ಪಿಷ್ಟದ ಕಣಗಳು. ಹಿಟ್ಟು.

ಬಾಗಿಲ ಬಳಿ ಚಪ್ಪಲಿ ಸದ್ದಾಯಿತು. ಡಾಕ್ಟರ್ ಭಾಗ್ಯಶ್ರೀ, ಈ ಮಲೇರಿಯಾ ಸಮೀಕ್ಷಾ ಘಟಕದ ಮುಖ್ಯಸ್ಥೆ. ಚಿತ್ತಾಪುರದ ಕೋರ್ಟಿನ ಹಿಂದೆ ಬಾಡಿಗೆ ಮನೆಯೊಂದರಲ್ಲಿ ನಡೆಯುವ ಈ ಘಟಕ ಮೂರು ವರ್ಷದಿಂದ ಒಂದೇ ಒಂದು ಮಲೇರಿಯಾ ಪ್ರಕರಣ ತೋರಿಸಿರಲಿಲ್ಲ. ತಿಂಗಳ ಕೊನೆಗೆ ಆ ಸೊನ್ನೆಗೆ ಮಲೇರಿಯಾಮುಕ್ತ ಎಂಬ ಸರಕಾರಿ ಮುದ್ರೆ ಬೀಳುವುದಿತ್ತು. ವರದಿ ಐದು ಗಂಟೆಯೊಳಗೆ ಕಲಬುರಗಿಗೆ ಹೋಗಬೇಕೆಂದು ಡಾಕ್ಟರ್ ಮೆತ್ತಗೆ ನೆನಪಿಸಿದರು. ಇನ್ನೂ ಅರ್ಧ ಉಳಿದಿದೆ ಎಂದು ಕರುಣಾ ಸುಳ್ಳು ಹೇಳಿದಳು. ಚಪ್ಪಲಿ ಸದ್ದು ದೂರವಾದ ಮೇಲೆ ನಲವತ್ತು ಗಾಜನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ನಲವತ್ತೊಂದನೆಯದು ಹತ್ತಿಯಲ್ಲಿ ಸುತ್ತಿಕೊಂಡು ಆಕೆಯ ಚೀಲಕ್ಕೆ ಹೋಯಿತು.

ಆರು ದಿನದ ಹಿಂದೆ, ಗುರುವಾರ ಸಂಜೆ, ಅದೇ ಕ್ಯಾಂಪಿನ ಪಕ್ಕದ ಖಣಿಯ ನೀರಿನಲ್ಲಿ ಹಿರಿಯ ಆರೋಗ್ಯ ಸಹಾಯಕ ದೇವಿಂದ್ರಪ್ಪ ಹೆಣವಾಗಿ ಸಿಕ್ಕಿದ್ದ.

*

ಎಎಸ್‌ಐ ನಬೀಸಾಬ್ ಚಿತ್ತಾಪುರ ಬಸ್‌ಸ್ಟ್ಯಾಂಡಿನ ಹಿಂದಿನ ಚಹಾದಂಗಡಿಯಲ್ಲಿ ಕರುಣಾ ಹೇಳಿದ್ದನ್ನೆಲ್ಲ ಕೇಳಿದರು. ಕಾಲು ಜಾರಿ ಸಾವು ಎಂದು ಠಾಣೆಯ ಕಾಗದ ಮುಚ್ಚಿಹೋಗಿತ್ತು. ಅವರಿಗೆ ಮಾತ್ರ ಅದು ಒಪ್ಪಿಗೆಯಾಗಿರಲಿಲ್ಲ. ಕಾಗಿಣಾ ಹೊಳೆಯಲ್ಲಿ ಈಜು ಕಲಿತ ಮನುಷ್ಯ ಎದೆಮಟ್ಟದ ನೀರಿನಲ್ಲಿ ಮುಳುಗಿ ಸಾಯುವುದು ಹೇಗೆ ಎಂಬುದೇ ಅವರ ತಕರಾರು.

ಕುಡುಗೋಲಿನ ಆಕಾರ ಅಂದರೇನು ಎಂದು ಅವರು ಕೇಳಿದರು. ಆಕೆ ಚಹಾದ ತೇವದಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ಬರೆದು ತೋರಿಸಿದಳು.

"ಚಾಂದ್ ಇದ್ದಂಗ ಅದಲ್ಲ," ಎಂದರು ನಬೀಸಾಬ್. "ಈದ್ ಹಬ್ಬದ ಚಾಂದ್."

"ಅದೇ ನೋಡ್ರಿ ಸೊಳ್ಳಿಗೆ ಹತ್ತೂದು. ಮನಷಾಗ ಜ್ವರ ತರೋದು ಬ್ಯಾರೆ ರೂಪ. ಸೊಳ್ಳಿ ಹೊಟ್ಟ್ಯಾಗ ಹೋಗಿ ಬೆಳೆಯೋದು ಈ ರೂಪ ಒಂದೇ. ಇದು ಇದ್ದವರಿಗೆ ಜ್ವರ ಇರಬೇಕಂತಿಲ್ಲ. ಉಂಡು ತಿಂದು ಕೆಲಸ ಮಾಡಿಕೋತ ಅಡ್ಡಾಡ್ತಾರ."

ನಬೀಸಾಬ್ ಮೇಜಿನ ಮೇಲೆ ಒಣಗುತ್ತಿದ್ದ ಗೆರೆಯನ್ನೇ ನೋಡಿದರು.

ಆಕೆ ಉಳಿದದ್ದನ್ನೂ ಹೇಳಿದಳು. ಬೆರಳು ಚುಚ್ಚಿ ನೋಡುವ ಸಾಮಾನ್ಯ ಕಾರ್ಡು ಜ್ವರದಲ್ಲಿ ಮಲಗಿದವನನ್ನು ಹಿಡಿಯುತ್ತದೆ. ರಕ್ತದಲ್ಲಿ ರೋಗಾಣು ಕಡಿಮೆಯಿದ್ದು ಆರಾಮಾಗಿ ಓಡಾಡುವವನು ಅದರ ಕಣ್ಣು ತಪ್ಪಿಸಿಕೊಳ್ಳಬಹುದು. ಒಬ್ಬನಿಂದ ಸೊಳ್ಳೆಗೆ ರೋಗ ಹೋಗುತ್ತದೋ ಇಲ್ಲವೋ ಎಂಬುದನ್ನಂತೂ ಅದು ಹೇಳುವುದೇ ಇಲ್ಲ. ಅದಕ್ಕೆಂದೇ ಹೊಸ ಪರೀಕ್ಷಾ ಪಟ್ಟಿಯೊಂದು ಬಂದಿತ್ತು. ಅದಕ್ಕೆ ರಕ್ತ ಬೇಡ, ಬಾಯಿಯ ಜೊಲ್ಲು ಸಾಕು. ಈ ಚಾಂದ್ ರೂಪ ಮೈಯಲ್ಲಿದ್ದರೆ ಎರಡನೆಯ ಗೆರೆ ಮೂಡುತ್ತದೆ. ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಅಂಥ ಐವತ್ತು ಪಟ್ಟಿಗಳನ್ನು ದೇವಿಂದ್ರಪ್ಪ ಕ್ಯಾಂಪಿಗೆ ಒಯ್ದಿದ್ದ.

ಸಾಯುವ ಹಿಂದಿನ ದಿನ ಅವನು ಕರುಣಾಳಿಗೆ ಫೋನು ಮಾಡಿದ್ದ. ಇಬ್ಬರೂ ತೆಂಗಳಿಯ ಒಂದೇ ಓಣಿಯವರು. ಆಕೆ ಲಂಗ ಉಡುವ ಕಾಲದಿಂದ ಅವನಿಗೆ ಗೊತ್ತು. ಜೈಭೀಮ್ ಎಂದವನೇ ನೇರ ವಿಷಯಕ್ಕೆ ಬಂದಿದ್ದ. "ಒಂಬತ್ತು ಮಂದಿ ಅದಾರ, ಕರುಣಾ. ಒಬ್ಬರಿಗೂ ಮೈ ಬಿಸಿ ಇಲ್ಲ. ಗಾಜಿನ ಮ್ಯಾಲ ನೀ ಖಾತ್ರಿ ಮಾಡಬೇಕು. ಅಲ್ಲೀತನಕ ಯಾರಿಗೂ ಹೇಳಬ್ಯಾಡ." ಹೆಸರುಗಳನ್ನು ಬರೆದ ಹಾಳೆಯಿದ್ದ ಅವನ ಚೀಲ ನೀರಿನಲ್ಲೂ ಸಿಗಲಿಲ್ಲ, ದಂಡೆಯಲ್ಲೂ ಸಿಗಲಿಲ್ಲ. ಶನಿವಾರ ಅವನ ಜಾಗಕ್ಕೆ ರತ್ನದೀಪ ಎಂಬ ಕಿರಿಯ ಸಹಾಯಕ ಹೋಗಿ ಗಾಜುಗಳನ್ನು ಮಾಡಿ ತಂದಿದ್ದ. ಭಾನುವಾರದಿಂದ ರತ್ನದೀಪ ರಜೆಯ ಮೇಲಿದ್ದ, ಫೋನು ಬಂದ್.

"ಒಬ್ಬರ ನೆತ್ತರ ನಲವತ್ತು ಕಡಿ ಹಚ್ಯಾರ ಅಂದ್ರ," ನಬೀಸಾಬ್ ಎದ್ದರು, "ಆ ಒಂಬತ್ತು ಮಂದಿನ್ನ ಮುಚ್ಚಲಿಕ್ಕೆ ಹಚ್ಯಾರ. ನಡೀರಿ."

*

ವಾಡಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಗಿಡಗಳ ಎಲೆ ಬೂದಿಬಣ್ಣ. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಭಾದ್ರಪದದ ಮಳೆನೀರು ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ಗಾಳಿ ಇರಲಿಲ್ಲ. ಹಸಿರು ನೀರಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ನಬೀಸಾಬ್ ಜೀಪು ನಿಲ್ಲಿಸಿ ದೇವಿಂದ್ರಪ್ಪ ಸಿಕ್ಕ ಜಾಗ ತೋರಿಸಿದರು. ಕರುಣಾ ದಂಡೆಯಲ್ಲಿ ಕೂತು ಬೊಗಸೆಯಲ್ಲಿ ನೀರೆತ್ತಿದಳು. ಅಂಗೈಯಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡಡ್ಡ ಮಲಗಿದ್ದ ಸೊಳ್ಳೆಮರಿಗಳು ಒಮ್ಮೆ ಕೊಂಕಿ ಮತ್ತೆ ಸುಮ್ಮನಾದವು. ಮಲೇರಿಯಾದ ಸೊಳ್ಳೆಯ ಮರಿಗಳೇ ಹಾಗೆ ಮಲಗುವುದು. ಆಕೆ ನೀರನ್ನು ಚೆಲ್ಲಿ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು.

ಕ್ಯಾಂಪು ಅಲ್ಲಿಂದ ಕೂಗಳತೆ. ಫರ್ಸಿಯದೇ ಗೋಡೆ, ಫರ್ಸಿಯದೇ ಮಾಡು. ಬಾಗಿಲಿಗೆ ಹಳೆ ಸಿಮೆಂಟ್ ಚೀಲದ ಪರದೆ.

ಮೇಲ್ವಿಚಾರಕ ರಮೇಶಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದುರುಗೊಂಡ. ಬರ್ರಿ, ಕುಂದ್ರಿ ಎಂದು ಕುರ್ಚಿ ಹಾಕಿಸಿದ. ಶನಿವಾರ ರತ್ನದೀಪ ಬಂದದ್ದು, ನಲವತ್ತೂ ಮಂದಿಯ ಬೆರಳು ತನ್ನ ಕಣ್ಣೆದುರೇ ಚುಚ್ಚಿದ್ದು, ಯಾರೂ ತಕರಾರು ಮಾಡದೆ ಕೈ ಕೊಟ್ಟದ್ದು, ಎಲ್ಲವನ್ನೂ ಓದಿ ಹೇಳಿದಂತೆ ಹೇಳಿದ. ಆ ಗಾಜುಗಳ ಮೇಲೆ ಒಬ್ಬರದೇ ರಕ್ತ ಇದೆ ಎಂದು ಕರುಣಾ ಹೇಳಿದಾಗ ಅವನ ಮುಖ ಬದಲಾಗಲಿಲ್ಲ. ಅಂಗಿಯ ತೋಳು ಮಡಚಿ ಎಡಗೈಯ ಉಂಗುರಬೆರಳು ಮುಂದೆ ಚಾಚಿದ.

"ನಂದು ಅಂತ ಅನುಮಾನ ಇದ್ರ ತಗೋರಿ."

ಆಕೆ ತಗೊಂಡಳು. ಜೊತೆಗೆ ತಂದಿದ್ದ ಪುಟ್ಟ ಸೂಕ್ಷ್ಮದರ್ಶಕವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೇಗ ಹತ್ತುವ ಬಣ್ಣ ಹಾಕಿ, ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಬಗ್ಗಿದಳು. ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಮಾತ್ರ. ದೂರದಲ್ಲಿ ವಾಡಿ ಜಂಕ್ಷನ್ನಿನಿಂದ ಗೂಡ್ಸ್ ಗಾಡಿಯೊಂದು ಹೊರಟಿತ್ತು.

ಕಣಗಳು ದುಂಡಗಿದ್ದವು.

"ನಿಮ್ಮದಲ್ಲ," ಎಂದಳು.

ರಮೇಶಕುಮಾರ ತೋಳನ್ನು ಇಳಿಬಿಟ್ಟು ಗುಂಡಿ ಹಾಕಿಕೊಂಡ. ಇನ್ನೇನು ಕೆಲಸ ಎಂಬಂತೆ ನಬೀಸಾಬರ ಮುಖ ನೋಡಿದ.

ನಬೀಸಾಬ್ ಹಾಜರಿ ಪುಸ್ತಕ ಕೇಳಿದರು. ಕೂಲಿಗಳನ್ನು ಅಂಗಳಕ್ಕೆ ಕರೆಸಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದರು. ಕಲ್ಲು ಕೊರೆದು ಕೊರೆದು ಬಿರಿದ ಅವರ ಬೆರಳುಗಳಲ್ಲಿ ಸೂಜಿಯ ಗುರುತು ಹುಡುಕುವುದು ಹೊಲದಲ್ಲಿ ಇರುವೆಯ ಹೆಜ್ಜೆ ಹುಡುಕಿದ ಹಾಗೆ. ಚುಚ್ಚಿದರೋ ಇಲ್ಲವೋ ಎಂದು ಕೇಳಿದರೆ ಎಲ್ಲರೂ ರಮೇಶಕುಮಾರನ ಕಡೆ ನೋಡಿ ತಲೆಯಾಡಿಸಿದರು. ಕರುಣಾ ಆ ಮುಖಗಳನ್ನು ಎಣಿಸುತ್ತ ಹೋದಳು.

ಮೂವತ್ತೊಂದು.

ಉಳಿದವರು ಎಲ್ಲಿ ಎಂದು ಕೇಳಿದಳು. ಸೋಮವಾರ ಸುಲೇಪೇಟ ಕಡೆ ಕಟ್ಟಡದ ಕೆಲಸಕ್ಕೆ ಟೆಂಪೋದಲ್ಲಿ ಕಳಿಸಿದ್ದೇನೆ ಎಂದ ರಮೇಶಕುಮಾರ. ಎಂಥ ಕಟ್ಟಡ ಎಂದು ಆಕೆ ಬಿಡಲಿಲ್ಲ. ಹೆಣ್ಣುಮಕ್ಕಳ ಒಂದು ಖಾಸಗಿ ವಸತಿಗೃಹಕ್ಕೆ ಹೊಸ ಕೋಣೆ ಕಟ್ಟುತ್ತಿದ್ದಾರೆ, ಕೂಲಿಗಳು ಅಲ್ಲೇ ಕೆಳಗೆ ಮಲಗುತ್ತಾರೆ ಎಂದು ಅವನು ಬೇಸರದಿಂದ ಹೇಳಿದ. ಮೇಲಿನ ಕೋಣೆಗಳಲ್ಲಿ ನೂರಾರು ಮಕ್ಕಳು ಮಲಗಿರುವುದು ಕರುಣಾಳ ಕಣ್ಣಿಗೆ ಕಟ್ಟಿತು. ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲಿ ರೋಗ ಹದಕ್ಕೆ ಬರಲು ಹತ್ತು ಹನ್ನೆರಡು ದಿನ ಸಾಕು. ಅದರಲ್ಲಿ ಎರಡು ದಿನ ಆಗಲೇ ಕಳೆದಿದ್ದವು.

ಆಕೆ ಹಾಜರಿ ಪುಸ್ತಕವನ್ನು ಅವನ ಮುಂದೆ ತಿರುಗಿಸಿ ಇಟ್ಟಳು. ಒಂಬತ್ತು ಹೆಸರುಗಳಿಗೆ ಕೆಂಪು ಗುರುತು. ಒಂದರ ಕೆಳಗೊಂದು ಇರಲಿಲ್ಲ. ಮೂರನೆಯದು, ಎಂಟನೆಯದು, ಹದಿಮೂರನೆಯದು, ಹೀಗೆ ಆರಿಸಿ ತೆಗೆದ ಹೆಸರುಗಳು. ಅವರಲ್ಲಿ ಇಬ್ಬರು ಹೆಂಗಸರು, ಒಬ್ಬ ಅರವತ್ತರ ಮುದುಕ.

"ಕಟ್ಟಡದ ಕೆಲಸಕ್ಕ ಮುದುಕನ್ನ ಯಾಕ ಆರಿಸಿದ್ರಿ?"

"ಖಾಲಿ ಇದ್ದವರ್ನ ಕಳಿಸೀನಿ."

"ಎಂಟಲ್ಲ, ಹತ್ತಲ್ಲ. ಒಂಬತ್ತೇ ಯಾಕ? ಆ ಲೆಕ್ಕ ದೇವಿಂದ್ರಪ್ಪ ಕಾಕಾಗ ಗೊತ್ತಿತ್ತು, ನನಗ ಗೊತ್ತಿತ್ತು. ಹೆಸರು ಇದ್ದದ್ದು ಅವರ ಚೀಲದಾಗ. ನಿಮಗ ಯಾರು ಕೊಟ್ರು?"

ರಮೇಶಕುಮಾರ ಹಾಜರಿ ಪುಸ್ತಕ ಮುಚ್ಚಿದ. ನಬೀಸಾಬ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವನು ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಒಂಥರಾ ಕನಿಕರವಿತ್ತು.

"ಮೇಡಮ್, ನನಗ ಕೇಳೂಕಿಂತ ಮೊದಲ ಒಂದು ಮಾತು ತಿಳ್ಕೋರಿ. ಇದರಾಗ ನಿಮ್ಮ ಹೆಸರೂ ಅದ. ನೀವು ಬಗೆದಷ್ಟು ಅದು ಮ್ಯಾಲ ಬರ್ತದ."

ಮುಂದೆ ಅವನ ಬಾಯಿಂದ ಒಂದಕ್ಷರ ಹೊರಬೀಳಲಿಲ್ಲ.

*

ನಬೀಸಾಬ್ ಕಾನ್‌ಸ್ಟೇಬಲ್ ಒಬ್ಬನನ್ನು ಕರೆಸಿ ಆಫೀಸಿನ ಬಾಗಿಲಲ್ಲಿ ಕೂಡಿಸಿದರು. ಸುಲೇಪೇಟಕ್ಕೆ ಫೋನು ಮಾಡಿ ಆ ಒಂಬತ್ತು ಮಂದಿಯನ್ನು ಹುಡುಕಿಸಿ, ಸೊಳ್ಳೆಪರದೆಯೊಳಗೆ ಇರಿಸಬೇಕೆಂದು ತಿಳಿಸಿದರು. ಅಷ್ಟರಲ್ಲಿ ಕರುಣಾ ಅಂಗಳ ದಾಟಿ ಅಡಿಗೆಮನೆಯ ಕಡೆ ನಡೆದಿದ್ದಳು. ರಮೇಶಕುಮಾರನ ಮಾತು ಕಿವಿಯಲ್ಲೇ ಇತ್ತು. ಆದರೆ ಗಾಜಿನ ಅಂಚಿನ ಹಿಟ್ಟು ಆಕೆಯನ್ನು ಎಳೆಯುತ್ತಿತ್ತು. ಕಲ್ಲಿನ ಈ ಕ್ಯಾಂಪಿನಲ್ಲಿ ಹಿಟ್ಟಿರುವ ಜಾಗ ಒಂದೇ.

ಜೈತುನ್ಬೀ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು ವರ್ಷದಿಂದ ಈ ಕ್ಯಾಂಪಿಗೆ ಅನ್ನ ಹಾಕುವವಳು. ಅಡಿಗೆಯವಳಾದ್ದರಿಂದ ಕೂಲಿಗಳ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಹಿಂಬಾಲಿಸಿ ಬಂದ ನಬೀಸಾಬರಿಗೆ ಸಲಾಂ ಹೇಳಿ, ಕರುಣಾಳಿಗೆ ಮಣೆ ಸರಿಸಿ ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಕರುಣಾ ಚೀಲದಿಂದ ಹತ್ತಿಯ ಸುರುಳಿ ತೆಗೆದು ಬಿಚ್ಚಿದಳು. ಗಾಜನ್ನು ಕಂಡದ್ದೇ ತಡ, ಜೈತುನ್ಬೀಯ ಕೈ ಹಿಟ್ಟಿನ ಮೇಲೆ ನಿಂತಿತು.

ಅದು ತನ್ನದೇ ಎಂದು ಅವಳು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ಗುರುವಾರ ಸಂಜೆ ದೇವಿಂದ್ರಪ್ಪ ಚಹಾಕ್ಕೆ ಬಂದಾಗ ತನ್ನ ಬೆರಳೂ ಚುಚ್ಚಿ ನೋಡು ಎಂದು ತಾನೇ ಕೇಳಿದ್ದಳು. ಅವನು ಗಾಜು ಮಾಡಿ, ಒಣಗಲೆಂದು ಹಿಟ್ಟಿನ ಡಬ್ಬಿಯ ಮೇಲಿಟ್ಟು ಹೋದವನು ತಿರುಗಿ ಬರಲಿಲ್ಲ. ಶನಿವಾರ ರತ್ನದೀಪ ಬಂದು ಆಫೀಸಿನ ಬಾಗಿಲು ಹಾಕಿಕೊಂಡು ಒಬ್ಬನೇ ಒಂದು ತಾಸು ಕೂತ. ಒಬ್ಬ ಕೂಲಿಯೂ ಒಳಗೆ ಹೋಗಲಿಲ್ಲ. ಹೊರಗೆ ಬಂದಾಗ ಅವನ ಎಡಗೈಯ ನಾಲ್ಕು ಬೆರಳಿಗೆ ಪಟ್ಟಿ ಸುತ್ತಿತ್ತು. ಊಟಕ್ಕೆ ಕೂತವನ ಕಣ್ಣಲ್ಲಿ ನೀರಿತ್ತು, ತುತ್ತು ಇಳಿಯಲಿಲ್ಲ. ಅವನು ಕೈ ತೊಳೆಯಲು ಎದ್ದಾಗ ಜೈತುನ್ಬೀ ಪೆಟ್ಟಿಗೆ ತೆರೆದು ತನ್ನ ಗಾಜನ್ನು ಕೊನೆಗೆ ತೂರಿಸಿದ್ದಳು. ಖರೆ ನೆತ್ತರು ಒಂದಾದರೂ ಹೋಗಲಿ ಎಂದು.

"ಏನ್ ಬಂತು ಬೇಟಿ ಅದರಾಗ?" ಎಂದು ಕೇಳಿದಳು.

ಹಂಚಿನ ಮೇಲಿನ ರೊಟ್ಟಿ ಕಮರುತ್ತಿತ್ತು. ಕರುಣಾ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ನಿಮ್ಮ ಮೈಯಲ್ಲಿ ಮಲೇರಿಯಾ ಇದೆ, ನಿಮಗೆ ಅದು ಗೊತ್ತಾಗುತ್ತಿಲ್ಲ, ಆದರೆ ನಿಮ್ಮನ್ನು ಕಚ್ಚಿದ ಸೊಳ್ಳೆ ಅದನ್ನು ಬೇರೆಯವರಿಗೆ ಒಯ್ಯುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಗುಳಿಗೆ ಇದೆ, ಪೂರಾ ವಾಸಿಯಾಗುತ್ತದೆ ಎಂದೂ ಹೇಳಿದಳು. ಎರಡನೆಯ ಮಾತು ಜೈತುನ್ಬೀಗೆ ಕೇಳಿಸಿದಂತೆ ಕಾಣಲಿಲ್ಲ.

"ನನ್ನ ಸೊಸಿ ಇಲ್ಲೇ ಕುಂತು ರೊಟ್ಟಿ ಬಡೀತಿದ್ದಳು," ಎಂದಳು ಅವಳು. "ಈ ಮಣಿ ಮ್ಯಾಲ. ಏಳು ತಿಂಗಳ ಬಸರಿ. ಆಷಾಢದಾಗ ಚಳಿಜ್ವರ ಬಂದು ನಾಕು ದಿನದಾಗ ಹೋದಳು. ನನ್ನಿಂದೇನು?"

"ಹಾಂಗ ಹೇಳಲಿಕ್ಕೆ ಬರಂಗಿಲ್ಲ, ಅಮ್ಮಾ. ಇಲ್ಲಿ ಒಂಬತ್ತು ಮಂದಿ ಇದ್ರು. ಯಾರಿಂದ ಬಂತು ಅನ್ನೋದು ಯಾರಿಗೂ ಗೊತ್ತಾಗಂಗಿಲ್ಲ."

"ಅಲ್ಲ ಅಂತನೂ ಹೇಳಲಿಕ್ಕೆ ಬರಂಗಿಲ್ಲ."

ಜೈತುನ್ಬೀ ಹಿಟ್ಟಿನ ಕೈಯನ್ನೇ ಮುಖಕ್ಕೆ ಒತ್ತಿಕೊಂಡಳು. ಮುಖವೆತ್ತಿದಾಗ ಅಳುತ್ತಿರಲಿಲ್ಲ. ಇಷ್ಟು ದಿನ ನುಂಗಿಕೊಂಡ ಇನ್ನೊಂದು ಮಾತು ತನ್ನಲ್ಲಿದೆ, ಈಗ ಅದನ್ನು ಇಟ್ಟುಕೊಂಡು ಏನು ಮಾಡಲಿ ಎಂದಳು.

ಅವತ್ತು ದೇವಿಂದ್ರಪ್ಪ ಚಹಾ ಅರ್ಧ ಕುಡಿದಿದ್ದ. ಫೋನು ಬಂತು. ಅವನು ಪರದೆ ನೋಡಿ ನಕ್ಕು ಕಿವಿಗೆ ಹಿಡಿದ.

"'ಹೇಳು ಕರುಣಾ' ಅಂದ್ರು," ಎಂದಳು ಜೈತುನ್ಬೀ. "ಆಮ್ಯಾಲ ಖಣಿ ಕಡೆ ಹೋದ್ರು."

ನಬೀಸಾಬ್ ಗೋಡೆಗೆ ಒರಗಿದ್ದವರು ನೆಟ್ಟಗಾದರು. ಅವರು ಕರುಣಾಳ ಮುಖವನ್ನು ನೋಡಿದ ರೀತಿ ಬೇರೆಯಾಗಿತ್ತು. ಚಹಾದಂಗಡಿಯಿಂದ ಆ ಕಣ್ಣಲ್ಲಿದ್ದ ಸಲಿಗೆ ಒಂದು ಕ್ಷಣದಲ್ಲಿ ಆರಿಹೋಗಿತ್ತು.

"ಗುರುವಾರ ನೀವು ಅವರಿಗೆ ಫೋನ್ ಮಾಡಿದ ಮಾತು ನನಗ ಹೇಳಲಿಲ್ಲ, ಮೇಡಮ್."

"ನಾ ಮಾಡಿಲ್ಲ."

"ಫೋನ್ ಕೊಡ್ರಿ."

ಕೊಟ್ಟಳು. ಅವರು ಕರೆಗಳ ಪಟ್ಟಿಯನ್ನು ಮೇಲೆ ತಳ್ಳುತ್ತ ಹೋಗಿ ಒಂದು ಕಡೆ ನಿಲ್ಲಿಸಿ ಆಕೆಯ ಕಡೆ ತಿರುಗಿಸಿದರು. ಗುರುವಾರ, ಸಂಜೆ ಐದು ನಲವತ್ತೆರಡು. ಹೊರಹೋದ ಕರೆ. ದೇವಿಂದ್ರಪ್ಪ ಕಾಕಾ. ನಲವತ್ತೆಂಟು ಸೆಕೆಂಡು.

ಕರುಣಾ ಗುರುವಾರವನ್ನು ನೆನಪಿಸಿಕೊಂಡಳು. ಆ ಸಂಜೆ ಚಿತ್ತಾಪುರದಲ್ಲಿ ಕರೆಂಟು ಹೋಗಿತ್ತು. ಎಲ್ಲರಂತೆ ತಾನೂ ಇನ್ವರ್ಟರ್ ಇರುವ ಘಟಕದ ನಡುಮನೆಯಲ್ಲಿ ಫೋನನ್ನು ಚಾರ್ಜಿಗೆ ಹಾಕಿ ಒಳಗೆ ಗಾಜು ತೊಳೆಯುತ್ತಿದ್ದಳು. ಸಮೀಕ್ಷೆಯ ಒಟಿಪಿಗಳು ಬರುವ ಆ ಫೋನಿಗೆ ಬೀಗವೇ ಇರಲಿಲ್ಲ. ರಮೇಶಕುಮಾರ ಹೇಳಿದ ಮಾತು ಈಗ ಅರ್ಥವಾಯಿತು.

ಇದನ್ನೆಲ್ಲ ಹೇಳಿದಾಗ ನಬೀಸಾಬ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಕೆ ಅವರನ್ನು ಬಿಟ್ಟು ಜೈತುನ್ಬೀಯ ಮುಂದೆ ಮೊಣಕಾಲೂರಿ ಕೂತಳು.

"'ಹೇಳು ಕರುಣಾ' ಅಂದ ಮ್ಯಾಲ ಏನಂದ್ರು? ಅವರು ಅಂದಂಗ ಹೇಳ್ರಿ."

ಜೈತುನ್ಬೀ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಸ್ವಲ್ಪ ಹೊತ್ತು ಸುಮ್ಮ ಕೇಳಿದ್ರು. ನಗೂದು ನಿಂತಿತು. ಆಮ್ಯಾಲ 'ಹೌದೇನ್ರಿ' ಅಂದ್ರು. 'ಈಗ ಬಂದೆ ರೀ, ಅಲ್ಲೇ ನಿಂದ್ರಲಿಕ್ಕೆ ಹೇಳ್ರಿ' ಅಂದ್ರು."

"ರೀ ಅಂದ್ರು?"

"ಅಂದ್ರು."

ಕರುಣಾ ನಬೀಸಾಬರ ಕಡೆ ತಿರುಗಿದಳು. ಲಂಗ ಉಡುವ ಕಾಲದಿಂದ ಕಂಡ ಹುಡುಗಿಗೆ ದೇವಿಂದ್ರಪ್ಪ ಒಂದು ದಿನ, ಒಂದು ಸಲ ರೀ ಅಂದವನಲ್ಲ. ಓಣಿಯಲ್ಲೂ ಇಲ್ಲ, ಆಫೀಸಿನಲ್ಲೂ ಇಲ್ಲ. ಹೇಳು ಎಂದದ್ದು ಪರದೆಯ ಮೇಲಿನ ಹೆಸರಿಗೆ. ರೀ ಎಂದದ್ದು ಕಿವಿಗೆ ಬಿದ್ದ ದನಿಗೆ.

ಎಎಸ್‌ಐ ಒಲೆಯ ಕೆಂಡದ ಕಡೆ ನೋಡಿದರು. ಅವರು ಬಾಯಿ ತೆರೆದಾಗ ಮಾತು ತಮಗೇ ಹೇಳಿಕೊಂಡಂತಿತ್ತು.

"ಫೋನ್ ಇದ್ದದ್ದು ಚಿತ್ತಾಪುರದಾಗ. ಖಣಿ ಇರೋದು ಇಲ್ಲಿ. ಕರೆದವರು ಒಬ್ಬರು. 'ಅಲ್ಲೇ ನಿಂದ್ರಲಿಕ್ಕೆ ಹೇಳ್ರಿ' ಅಂದ್ರ, ದಂಡಿ ಮ್ಯಾಲ ನಿಂತವರು ಇನ್ನೊಬ್ಬರು."

ಜೈತುನ್ಬೀಯನ್ನು ಈ ಕ್ಯಾಂಪಿನಲ್ಲಿ ಬಿಟ್ಟು ಹೋಗುವಂತಿರಲಿಲ್ಲ. ಗುಳಿಗೆ ಇದ್ದದ್ದು ಘಟಕದಲ್ಲಿ. ಆ ಕರೆ ಹೋದದ್ದು ಅದೇ ಘಟಕದ ನಡುಮನೆಯಿಂದ. ಎಲ್ಲಿಗೆ ಒಯ್ಯುವುದು ಎಂದು ಕರುಣಾ ಕೇಳುವುದರಲ್ಲಿದ್ದಳು. ಹೊರಗೆ ಜಲ್ಲಿಯ ಮೇಲೆ ಚಕ್ರ ಉರುಳಿದ ಸದ್ದಾಯಿತು.

ಸೈರನ್ ಇಲ್ಲದೆ ಬಂದ ಬಿಳಿ ಆಂಬುಲೆನ್ಸ್ ಅಡಿಗೆಮನೆಯ ಬಾಗಿಲಿಗೇ ಬಂದು ನಿಂತಿತು. ಮುಖಕ್ಕೆ ಮಾಸ್ಕ್ ಹಾಕಿದ್ದ ಚಾಲಕ ಇಳಿದು ಹಿಂದಿನ ಬಾಗಿಲು ತೆರೆದ. ಒಳಗಿನಿಂದ ಇನ್ನೊಬ್ಬ ಸ್ಟ್ರೆಚರ್ ಎಳೆಯತೊಡಗಿದ.

"ಜೈತುನ್ಬೀ ಅನ್ನೋರು ಯಾರ್ರಿ?" ಎಂದ ಚಾಲಕ. "ಮಲೇರಿಯಾ ಕೇಸ್ ಅದ, ಲಗೂನ ಕರಕೊಂಡು ಬಾ ಅಂದಾರ."

ಜೈತುನ್ಬೀಗೆ ಮಲೇರಿಯಾ ಇದೆ ಎಂದು ಮೂವರಿಗೆ ಗೊತ್ತಾಗಿ ಅರ್ಧ ತಾಸೂ ಆಗಿರಲಿಲ್ಲ. ಮೂವರೂ ಈ ಕೋಣೆ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಕರುಣಾ ಅಂಗಳದಾಚೆ ನೋಡಿದಳು. ಆಫೀಸಿನ ಬಾಗಿಲಲ್ಲಿ ಕಾನ್‌ಸ್ಟೇಬಲ್ ಕೂತೇ ಇದ್ದ. ಅವನ ಹಿಂದೆ ಕಿಟಕಿಯ ಪರದೆ ಮೆಲ್ಲಗೆ ಸರಿದು ಮುಚ್ಚಿಕೊಂಡಿತು.

ನಬೀಸಾಬ್ ಬಾಗಿಲಿಗೆ ಅಡ್ಡ ನಿಂತು, ಯಾರು ಕಳಿಸಿದ್ದು ಎಂದು ಕೇಳಿದರು.

"ಲ್ಯಾಬಿನವರು, ಸಾಹೇಬ್ರ. ಕರುಣಾ ಮೇಡಮ್. ಹತ್ತು ನಿಮಿಷದ ಹಿಂದ ಅವರೇ ಫೋನ್ ಮಾಡಿ ಮಾತಾಡಿದ್ರು."

ಕರುಣಾಳ ಫೋನು ನಬೀಸಾಬರ ಮುಷ್ಟಿಯಲ್ಲೇ ಇತ್ತು.

ಚಾಲಕ ಅವರ ಹೆಗಲ ಮೇಲಿಂದ ಇಣುಕಿ ಒಳಗೆ ನೋಡಿದ. ಒಲೆಯ ಮುಂದೆ ಮುದುಕಿಯ ಕೈ ಹಿಡಿದು ಕೂತಿದ್ದ ಹೆಂಗಸಿನ ಮೇಲೆ ಅವನ ಕಣ್ಣು ನಿಂತಿತು.

"ಕರುಣಾ ಮೇಡಮ್ ದವಾಖಾನಿಗೆ ಬರೋತನಕ ಮುದುಕಿ ಸಂಗಟ ಯಾರನ್ನೂ ಮಾತಾಡಗೊಡಬ್ಯಾಡ ಅಂದಾರ," ಎಂದ ಅವನು. "ನೀವ್ಯಾರ್ರಿ?"